ತಾಳ್ಮೆಯ ಪಾಠ ಯಾರಿಗೆ?

(ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಎದುರು ಆಡಿದ ಮಾತುಗಳ ಬರಹ ರೂಪ)



ನಾಲ್ಕು ತಾಲ್ಲೂಕುಗಳಿಂದ ಹೊಲ, ಮನೆ, ಮಗ್ಗದ ಕೆಲಸ ಬದಿಗಿಟ್ಟು ಬಂದಿದ್ದೀರಿ. ನನಗೆ ಮಾತಾಡಲು ಕೊಟ್ಟ ವಿಷಯ 'ಶಾಲೆಯಲ್ಲಿ ಮೌಲ್ಯ ಶಿಕ್ಷಣ ಮತ್ತು ಮಕ್ಕಳ ಕ್ಷೇಮ'. ಇದು ಮಾಸ್ತರರ ಕೆಲಸ, ಸಂಘದ ಹೆಣ್ಣುಮಕ್ಕಳಿಗೇನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ವರದಕ್ಷಿಣೆ, ಹೊಡೆತ ಬಡಿತದ ವಿರುದ್ಧ ಹೋರಾಡುವ ನಾವು ಶಾಲೆಯ ಪಾಠದ ಬಗ್ಗೆ ಏಕೆ ತಲೆ ಕೆಡಿಸಿಕೊಳ್ಳಬೇಕು? ಈ ಪ್ರಶ್ನೆಗೆ ಉತ್ತರ ಕೊಡುವುದೇ ಇವತ್ತಿನ ನನ್ನ ಮಾತಿನ ಉದ್ದೇಶ.

ನಮ್ಮ ಊರುಗಳ ಕನ್ನಡ ಶಾಲೆಯ ಗೋಡೆಗಳನ್ನು ನೋಡಿರಿ. ಸುಣ್ಣ ಬಳಿದ ಗೋಡೆಯ ಮೇಲೆ ನೀಲಿ ಅಕ್ಷರದಲ್ಲಿ ನೀತಿಯ ಮಾತು ಬರೆದಿರುತ್ತಾರೆ. ಅದರಲ್ಲಿ ತಪ್ಪದೆ ಕಾಣುವ ಒಂದು ಗಾದೆ 'ತಾಳಿದವನು ಬಾಳಿಯಾನು'. ಒಳ್ಳೆಯ ಗಾದೆಯೇ. ವ್ಯಾಕರಣದ ಪ್ರಕಾರ ನೋಡಿದರೆ ಈ ಮಾತು ಗಂಡಸಿಗೆ ಹೇಳಿದ್ದು: ತಾಳಿದವನು! ಆದರೆ ಶಾಲೆ ಬಿಟ್ಟ ಮೇಲೆ ಈ ಪಾಠ ಯಾರ ಪಾಲಿಗೆ ಬರುತ್ತದೆ? ಕುಡಿದು ಬಂದು ತಟ್ಟೆ ಎಸೆಯುವ ಗಂಡನಿಗೆ 'ತಾಳಪ್ಪಾ' ಎಂದು ಎಷ್ಟು ಜನ ಹಿರಿಯರು ಹೇಳುತ್ತಾರೆ? ಬಂಗಾರ ಕಡಿಮೆ ತಂದಳೆಂದು ಹಂಗಿಸುವ ಅತ್ತೆಗೆ ಯಾರು ಹೇಳುತ್ತಾರೆ? ಮೈಮೇಲೆ ಬಾಸುಂಡೆ ಹೊತ್ತು ತವರಿಗೆ ಬಂದ ಮಗಳಿಗೆ ಮಾತ್ರ ಎಲ್ಲರೂ ಹೇಳುತ್ತಾರೆ: "ಹೆಣ್ಣಮಗಳು ತಾಳಬೇಕವ್ವಾ, ತಗ್ಗಿ ಬಗ್ಗಿ ನಡೀಬೇಕವ್ವಾ." ಎಲ್ಲರಿಗೂ ಸೇರಿದ ಒಂದು ಮೌಲ್ಯ ಹೆಣ್ಣಿಗೆ ಮಾತ್ರ ಶಿಕ್ಷೆಯಾಗುವುದು ಹೀಗೆ.

ಮೌಲ್ಯ ಎಂಬ ಪದಕ್ಕೆ ಬೆಲೆ ಎಂಬ ಅರ್ಥವೂ ಇದೆ. ಹುಡುಗ ನೌಕರಿಯಲ್ಲಿದ್ದರೆ ಇಷ್ಟು, ನೀರಾವರಿ ಹೊಲವಿದ್ದರೆ ಇಷ್ಟು ಎಂದು ನಾವೇ ಬೆಲೆ ಕಟ್ಟುತ್ತೇವೆ. ಒಂದು ಕಡೆ ಶಾಲೆಯಲ್ಲಿ ಮೌಲ್ಯದ ಪಾಠ, ಇನ್ನೊಂದು ಕಡೆ ಮನೆಯ ಪಡಸಾಲೆಯಲ್ಲಿ ಬೆಲೆಯ ಮಾತುಕತೆ. ಮಕ್ಕಳು ಎರಡನ್ನೂ ಕೇಳುತ್ತಾರೆ. ಅವರ ಮನಸ್ಸಿನಲ್ಲಿ ಉಳಿಯುವುದು ಯಾವುದು ಎಂದು ಯೋಚಿಸಿ ನೋಡಿರಿ.

ಶಾಲೆಯಲ್ಲಿ ಮೌಲ್ಯ ಕಲಿಸಬೇಕು ಎಂಬ ಮಾತು ಹೊಸದೇನಲ್ಲ. 1959ರಲ್ಲಿ ಕೇಂದ್ರ ಸರಕಾರ ಶ್ರೀಪ್ರಕಾಶ ಸಮಿತಿಯನ್ನು ನೇಮಿಸಿ ಶಾಲೆಗಳಲ್ಲಿ ನೈತಿಕ ಶಿಕ್ಷಣ ಹೇಗಿರಬೇಕು ಎಂದು ಕೇಳಿತು. 1966ರಲ್ಲಿ ವರದಿ ಕೊಟ್ಟ ಕೊಠಾರಿ ಆಯೋಗವು ವಾರಕ್ಕೆ ಒಂದೆರಡು ಅವಧಿಯನ್ನು ಇದಕ್ಕಾಗಿ ತೆಗೆದಿಡಬೇಕು ಎಂದಿತು. ನಾವು ಓದುವಾಗಲೂ ನೀತಿಪಾಠದ ಅವಧಿ ಇರುತ್ತಿತ್ತು. ಸತ್ಯ ನುಡಿಯಬೇಕು, ಹಿರಿಯರಿಗೆ ವಿಧೇಯರಾಗಿರಬೇಕು, ಸಿಟ್ಟು ಮಾಡಬಾರದು. ಇವು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಒಂದು ಮಾತು ಆ ಪಾಠದಲ್ಲಿ ಇರಲಿಲ್ಲ: ಹೆಣ್ಣು ಗಂಡು ಸಮಾನರು, ಒಬ್ಬರ ಮೇಲೆ ಒಬ್ಬರು ಕೈ ಮಾಡಬಾರದು, ಹೊಡೆದಾಗ ಹೊರಗೆ ಹೇಳುವುದು ತಪ್ಪಲ್ಲ ಎಂಬ ಮಾತು.

1986ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದಾಗ ಮಹಿಳಾ ಸಮಾನತೆಗಾಗಿ ಶಿಕ್ಷಣ ಎಂಬ ಪ್ರತ್ಯೇಕ ಭಾಗವೇ ಅದರಲ್ಲಿತ್ತು. ಹೆಣ್ಣಿನ ಸ್ಥಾನಮಾನವನ್ನು ಬುಡದಿಂದ ಬದಲಾಯಿಸುವುದಕ್ಕೆ ಶಿಕ್ಷಣವನ್ನು ಬಳಸಬೇಕು, ಪಠ್ಯಪುಸ್ತಕಗಳನ್ನು ತಿದ್ದಬೇಕು ಎಂದು ಅದು ಹೇಳಿತು. ಆ ನೀತಿಯಿಂದಲೇ ಮಹಿಳಾ ಸಮಖ್ಯಾ ಕಾರ್ಯಕ್ರಮ ಹುಟ್ಟಿತು. 1989ರಲ್ಲಿ ಅದು ಮೊದಲು ಆರಂಭವಾದ ಮೂರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹಳ್ಳಿಯ ಬಡ ಹೆಣ್ಣುಮಕ್ಕಳು ಸಂಘ ಕಟ್ಟಿಕೊಂಡು, ಕೂತು ಮಾತಾಡಿ, ತಮ್ಮ ಬದುಕನ್ನು ತಾವೇ ಪ್ರಶ್ನಿಸುವುದೂ ಶಿಕ್ಷಣವೇ ಎಂದು ಆ ಕಾರ್ಯಕ್ರಮ ತೋರಿಸಿಕೊಟ್ಟಿತು. ಕೇಂದ್ರದ ಆ ಕಾರ್ಯಕ್ರಮ 2016ರಲ್ಲಿ ನಿಂತುಹೋಯಿತು. ಆದರೆ ಅದು ಬಿತ್ತಿದ ಬೀಜ ನಿಮ್ಮಂಥ ಸಂಘಗಳಲ್ಲಿ ಇನ್ನೂ ಇದೆ.

ಈಗ ಇನ್ನೊಂದು ದಾರಿ ತೆರೆದಿದೆ. 2020ರಲ್ಲಿ ಕೇಂದ್ರದ ಆರೋಗ್ಯ ಮತ್ತು ಶಿಕ್ಷಣ ಇಲಾಖೆಗಳು ಸೇರಿ ಆಯುಷ್ಮಾನ್ ಭಾರತದ ಅಡಿಯಲ್ಲಿ ಶಾಲಾ ಆರೋಗ್ಯ ಮತ್ತು ಕ್ಷೇಮ ಕಾರ್ಯಕ್ರಮ ಆರಂಭಿಸಿದವು. ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರು, ಸಾಧ್ಯವಾದರೆ ಒಬ್ಬ ಗಂಡಸು, ಒಬ್ಬ ಹೆಂಗಸು, ಇದಕ್ಕೆ ತರಬೇತಿ ಪಡೆಯಬೇಕು. ವಾರಕ್ಕೊಮ್ಮೆ ಮಕ್ಕಳ ಜೊತೆ ಚಟುವಟಿಕೆ ಮಾಡಿಸಬೇಕು. ಅದರಲ್ಲಿ ಒಟ್ಟು 11 ವಿಷಯಗಳಿವೆ. ಮನಸ್ಸಿನ ಆರೋಗ್ಯ, ಮನುಷ್ಯ ಸಂಬಂಧಗಳು, ಮೌಲ್ಯಗಳು ಮತ್ತು ನಾಗರಿಕ ಹೊಣೆ, ಲಿಂಗ ಸಮಾನತೆ, ಹಿಂಸೆಯಿಂದ ರಕ್ಷಣೆ, ಕುಡಿತ ಮತ್ತು ಮಾದಕ ವಸ್ತುಗಳಿಂದ ದೂರವಿರುವುದು ಇವೆಲ್ಲ ಅದರಲ್ಲಿ ಸೇರಿವೆ. ಅಂದರೆ ನಾವು ಇಷ್ಟು ವರ್ಷ ಬೀದಿಯಲ್ಲಿ ನಿಂತು ಕೂಗಿದ ವಿಷಯಗಳು ಕಾಗದದ ಮೇಲಾದರೂ ಶಾಲೆಯ ಒಳಗೆ ಬಂದಿವೆ. ನಿಮ್ಮ ಊರಿನ ಶಾಲೆಯಲ್ಲಿ ಆ ಅವಧಿ ನಡೆಯುತ್ತದೆಯೋ ಅಥವಾ ಆ ಹೊತ್ತಿಗೆ ಗಣಿತ ಮುಗಿಸುತ್ತಾರೋ, ಅದನ್ನು ನೀವೇ ಹೋಗಿ ಕೇಳಬೇಕು.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಕೇಳಿರಿ. ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡಾ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದರು. ಅದಕ್ಕೆ ಹಿಂದಿನ, 2015-16ರ ಸಮೀಕ್ಷೆಯಲ್ಲಿ ಈ ಅಂಕಿ 20.6 ಇತ್ತು. ಹಿಂಸೆ ಹೆಚ್ಚಿತೋ, ಹೇಳುವ ಧೈರ್ಯ ಹೆಚ್ಚಿತೋ, ಎರಡೂ ಇರಬಹುದು. ಆದರೆ ನನ್ನನ್ನು ಹೆಚ್ಚು ಹೆದರಿಸುವುದು ಅದೇ ಸಮೀಕ್ಷೆಯ ಇನ್ನೊಂದು ಅಂಕಿ. ಅಲ್ಲಿ ಏಳು ಕಾರಣಗಳನ್ನು ಒಂದೊಂದಾಗಿ ಹೇಳಿ, ಇದಕ್ಕಾಗಿ ಗಂಡ ಹೆಂಡತಿಯನ್ನು ಹೊಡೆದರೆ ಸರಿಯೇ ಎಂದು ಕೇಳುತ್ತಾರೆ. ಹೇಳದೆ ಹೊರಗೆ ಹೋದರೆ, ಮನೆ ಮಕ್ಕಳನ್ನು ನೋಡದಿದ್ದರೆ, ಎದುರುತ್ತರ ಕೊಟ್ಟರೆ, ಹಾಸಿಗೆಗೆ ಒಲ್ಲೆ ಎಂದರೆ, ಅಡಿಗೆ ಸರಿಯಾಗದಿದ್ದರೆ, ನಡತೆಯ ಮೇಲೆ ಸಂಶಯ ಬಂದರೆ, ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ. ಇವುಗಳಲ್ಲಿ ಒಂದಾದರೂ ಕಾರಣಕ್ಕೆ ಹೊಡೆಯಬಹುದು ಎಂದು ಒಪ್ಪಿದ ಗಂಡಸರು ನಮ್ಮ ರಾಜ್ಯದಲ್ಲಿ ಶೇಕಡಾ 81.9. ಹೆಂಗಸರು ಶೇಕಡಾ 76.9.

ಅಕ್ಕಂದಿರೇ, ನೂರಕ್ಕೆ ಸುಮಾರು ಎಪ್ಪತ್ತೇಳು ಹೆಣ್ಣುಮಕ್ಕಳು! ಹೊಡೆತ ತಿನ್ನುವವರೇ ಹೊಡೆತ ಸರಿ ಎನ್ನುವಂತೆ ಮಾಡಿದ್ದು ಯಾರು? ಹುಟ್ಟುವಾಗ ಯಾವ ಹುಡುಗಿಯೂ ಈ ಮಾತನ್ನು ಕಲಿತು ಬಂದಿರುವುದಿಲ್ಲ. ಇದೂ ಕಲಿಸಿದ ಪಾಠವೇ. ಇದೂ ಒಂದು ಮೌಲ್ಯ ಶಿಕ್ಷಣವೇ. ಪಿತೃಪ್ರಧಾನ ವ್ಯವಸ್ಥೆ ಪುಸ್ತಕವಿಲ್ಲದೆ, ಗಂಟೆ ಬಾರಿಸದೆ, ಅಡಿಗೆಮನೆಯಲ್ಲಿ, ಬಾವಿಕಟ್ಟೆಯಲ್ಲಿ, 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬ ಗಾದೆಯಲ್ಲಿ ಅದನ್ನು ಕಲಿಸುತ್ತಲೇ ಬಂದಿದೆ. ಆದ್ದರಿಂದ ಶಾಲೆಯ ಮೌಲ್ಯ ಶಿಕ್ಷಣ ನಮಗೆ ಸಂಬಂಧವಿಲ್ಲದ ವಿಷಯ ಅಲ್ಲ. ಠಾಣೆ, ಕೋರ್ಟು ಬೇಕೇ ಬೇಕು. ಆದರೆ ಅಲ್ಲಿಗೆ ಪ್ರಕರಣ ಬರುವ ಹದಿನೈದು ವರ್ಷ ಮೊದಲು ಹೊಡೆಯುವ ಕೈಯೂ, ತಾಳುವ ಬೆನ್ನೂ ನಾಲ್ಕನೆಯ ಇಯತ್ತೆಯ ಒಂದೇ ಕೋಣೆಯಲ್ಲಿ ಕೂತಿರುತ್ತವೆ.

ಆ ಕೋಣೆಯಲ್ಲಿ ಹಿಂದಿನ ರಾತ್ರಿ ತಾಯಿ ಹೊಡೆತ ತಿಂದದ್ದನ್ನು ನೋಡಿ ಬಂದ ಮಗುವೂ ಇರುತ್ತದೆ. ಅದು ಹೇಳುವುದಿಲ್ಲ. ಹೊಟ್ಟೆ ನೋವು ಎನ್ನುತ್ತದೆ. ಪಾಠದ ನಡುವೆ ತೂಕಡಿಸುತ್ತದೆ. ಕಾರಣವಿಲ್ಲದೆ ಪಕ್ಕದವನಿಗೆ ಹೊಡೆಯುತ್ತದೆ, ಇಲ್ಲವೆ ತುಟಿ ಬಿಚ್ಚದೆ ಮೂಲೆ ಹಿಡಿಯುತ್ತದೆ. ತಾಯಿಯನ್ನು ಒಬ್ಬಳೇ ಬಿಡಲು ಹೆದರಿ ಶಾಲೆಯನ್ನೇ ತಪ್ಪಿಸುವ ಹುಡುಗಿಯರೂ ಇದ್ದಾರೆ. ಇಂಥ ಮಗುವನ್ನು ದಡ್ಡ, ಹಟಮಾರಿ ಎಂದು ಬೆಂಚಿನ ಮೇಲೆ ನಿಲ್ಲಿಸಿದರೆ ಅದಕ್ಕೆ ಎರಡು ಶಿಕ್ಷೆ ಆದಂತಾಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ಶಾಲೆಯಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. "ನಾಕು ಬಿಡ್ರಿ ಮಾಸ್ತರ, ಬುದ್ಧಿ ಬರಲಿ" ಎಂದು ನಾವೇ ಹೇಳುತ್ತೇವಲ್ಲ, ಆ ಮಾತನ್ನು ನಿಲ್ಲಿಸಬೇಕು. ಬಲ ಇದ್ದವರು ಬಲ ಇಲ್ಲದವರನ್ನು ಹೊಡೆದು ತಿದ್ದಬಹುದು ಎಂದು ಕೋಲು ಕಲಿಸುತ್ತದೆ. ಆ ಕೋಲಿನ ಪಾಠ ಕಲಿತ ಹುಡುಗ ಮುಂದೆ ಹೆಂಡತಿಗೂ ಬುದ್ಧಿ ಕಲಿಸಲು ಹೊರಡುತ್ತಾನೆ.

ಹಾಗಾದರೆ ಯಾವ ಮೌಲ್ಯ ಕಲಿಸಬೇಕು? ಅದಕ್ಕೆ ಬಹಳ ಹುಡುಕಬೇಕಾಗಿಲ್ಲ. ಶಾಲೆಗಳಲ್ಲಿ ಮಕ್ಕಳು ಸಂವಿಧಾನದ ಪೀಠಿಕೆ ಓದಬೇಕು ಎಂದು ನಮ್ಮ ರಾಜ್ಯ ಸರಕಾರ 2023ರಲ್ಲಿ ತೀರ್ಮಾನಿಸಿತು. ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ, ವ್ಯಕ್ತಿಯ ಘನತೆ ಇವೆಲ್ಲ ಅದರಲ್ಲಿವೆ. 1976ರಲ್ಲಿ ಸಂವಿಧಾನಕ್ಕೆ ಸೇರಿಸಿದ ಮೂಲಭೂತ ಕರ್ತವ್ಯಗಳಲ್ಲಿ, ಹೆಣ್ಣಿನ ಗೌರವಕ್ಕೆ ಕುಂದು ತರುವ ಆಚರಣೆಗಳನ್ನು ಬಿಡುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯ ಎಂದಿದೆ. ವರದಕ್ಷಿಣೆಗಿಂತ ಹೆಣ್ಣಿನ ಗೌರವಕ್ಕೆ ಕುಂದು ತರುವ ಆಚರಣೆ ಬೇರೆ ಯಾವುದಿದೆ? ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಸಮಾನತೆ ಎಂದು ಕೂಗುವ ಮಗುವಿಗೆ ಆ ಪದದ ಅರ್ಥವನ್ನು ಮನೆಯ ಉದಾಹರಣೆಯಿಂದ ಹೇಳಿಕೊಡಬೇಕು. ನಿಮ್ಮ ಮನೆಯಲ್ಲಿ ರೊಟ್ಟಿ ಬಡಿಯುವವರು ಯಾರು, ಮೊದಲು ಉಣ್ಣುವವರು ಯಾರು, ಕೊನೆಗೆ ಉಣ್ಣುವವರು ಯಾರು ಎಂದು ಟೀಚರ್ ಕೇಳಲಿ. ಶಾಲೆಯ ಅಂಗಳ ಹುಡುಗಿಯರೇ ಏಕೆ ಗುಡಿಸಬೇಕು, ಬೆಲ್ಲು ಬಾರಿಸುವ ಕೆಲಸ ಹುಡುಗರಿಗೇ ಏಕೆ ಎಂದು ಮಕ್ಕಳೇ ಚರ್ಚಿಸಲಿ. ಯುನಿಸೆಫ್ ಸಂಸ್ಥೆ 1990ರ ದಶಕದಲ್ಲಿ ರೂಪಿಸಿದ ಮೀನಾ ಎಂಬ ಹುಡುಗಿಯ ಕಥೆಗಳು ನಿಮಗೆ ನೆನಪಿರಬಹುದು. ಮಾವಿನಹಣ್ಣಿನಲ್ಲಿ ತಮ್ಮನಿಗೆ ದೊಡ್ಡ ಪಾಲು ಏಕೆ ಎಂದು ಕೇಳಿದ ಹುಡುಗಿ ಅವಳು. ಅವಳ ಹೆಸರಿನಲ್ಲಿ ನಮ್ಮ ಶಾಲೆಗಳಲ್ಲಿ ಮೀನಾ ತಂಡಗಳು ಹುಟ್ಟಿಕೊಂಡವು. ಒಂದು ಹಣ್ಣಿನಿಂದ ಆರಂಭಿಸಿದರೆ ಮಕ್ಕಳಿಗೆ ಆಸ್ತಿಯ ಪಾಲಿನವರೆಗೂ ಅರ್ಥವಾಗುತ್ತದೆ.

ನಮ್ಮ ನೆಲದಲ್ಲಿಯೇ ಎಂಥ ಪಾಠಗಳಿವೆ! 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಎದುರು ಬ್ರಿಟಿಷರ ಸೈನ್ಯ ಸೋತಿತು. ರಾಣಿ ಚೆನ್ನಮ್ಮ 1829ರಲ್ಲಿ ಇದೇ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಅವಳ ಸಮಾಧಿ ಇಲ್ಲಿಯೇ ಇದೆ. ಶಾಲೆಯ ನಾಟಕದಲ್ಲಿ ನಮ್ಮ ಹುಡುಗಿಯರು ಚೆನ್ನಮ್ಮನ ವೇಷ ಹಾಕಿ, ಕಪ್ಪ ಕೊಡುವುದಿಲ್ಲ ಎಂದು ಗುಡುಗುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ. ಅದೇ ಹುಡುಗಿಗೆ ಹದಿನೆಂಟು ತುಂಬಿದಾಗ ಸಾಲ ಮಾಡಿ ಬೀಗರ ಮನೆಗೆ ಕಪ್ಪ ಕಟ್ಟುತ್ತೇವೆ. ದತ್ತುಮಗನ ಹಕ್ಕನ್ನು ಒಪ್ಪದ ಸರಕಾರಕ್ಕೆ ಒಬ್ಬ ವಿಧವೆ ಒಲ್ಲೆ ಎಂದಳು, ಇದು ಚೆನ್ನಮ್ಮನ ಕಥೆಯ ತಿರುಳು. ಬೆಳವಡಿ ಮಲ್ಲಮ್ಮನ ಊರೂ ಇದೇ ಸೀಮೆ. ಕತ್ತಿ ಕುದುರೆಯ ಕಥೆಯ ಜೊತೆಗೆ, ಅನ್ಯಾಯಕ್ಕೆ ಒಲ್ಲೆ ಎನ್ನುವುದೂ ಒಂದು ಮೌಲ್ಯ ಎಂದು ಪಾಠದಲ್ಲಿ ಬರಬೇಕು.

ಸವದತ್ತಿಯ ಅಕ್ಕಂದಿರಿಗೆ ಇನ್ನೊಂದು ನೋವು ಗೊತ್ತಿದೆ. ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟುವ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿತು. ಆದರೆ ಆ ತಾಯಂದಿರ ಮಕ್ಕಳು ಶಾಲೆಗೆ ಸೇರುವಾಗ ತಂದೆಯ ಹೆಸರು ಏನು ಎಂಬ ಪ್ರಶ್ನೆ ಚೂರಿಯಂತೆ ಇರಿಯುತ್ತಿತ್ತು. 2025ರಲ್ಲಿ ರಾಜ್ಯದ ವಿಧಾನಮಂಡಲ ಅಂಗೀಕರಿಸಿದ ಹೊಸ ಮಸೂದೆ, ಈ ಮಕ್ಕಳ ದಾಖಲೆಗಳಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ ಎಂದಿತು. ಅದಕ್ಕಾಗಿ ಎಷ್ಟು ಜನ ತಾಯಂದಿರು ಎಷ್ಟು ವರ್ಷ ಹೋರಾಡಿದರು! ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರನ್ನು ಹೇಗೆ ಬರೆಯುತ್ತಾರೆ, ತರಗತಿಯಲ್ಲಿ ಹೇಗೆ ಕರೆಯುತ್ತಾರೆ ಎಂಬುದೇ ಆ ಮಗುವಿಗೆ ಘನತೆಯ ಮೊದಲ ಪಾಠ.

ರಾಮದುರ್ಗದ ಕಡೆ ನೇಕಾರರ ಮನೆಗಳಲ್ಲಿ ಏನಾಗುತ್ತದೆ? ಕಂಡಿಕೆ ಸುತ್ತಲು ಕೈ ಬೇಕು, ತಮ್ಮ ತಂಗಿಯರನ್ನು ನೋಡಲು ಆಳು ಬೇಕು. ಮೊದಲು ಶಾಲೆ ಬಿಡುವವಳು ಮಗಳು. ಶಾಲೆ ಬಿಟ್ಟ ಹುಡುಗಿಗೆ ಬೇಗ ಗಂಡು ನೋಡುತ್ತಾರೆ. ವಯಸ್ಸು ಸಣ್ಣದಿದ್ದರೆ ವರದಕ್ಷಿಣೆಯೂ ಕಡಿಮೆ ಎಂಬ ಲೆಕ್ಕ ಬೇರೆ. ಬಾಲ್ಯವಿವಾಹ ಆರಂಭದಿಂದಲೇ ಅನೂರ್ಜಿತ ಎಂದು ಕರ್ನಾಟಕದ 2016ರ ತಿದ್ದುಪಡಿ ಹೇಳುತ್ತದೆ. 2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿನ ಖರ್ಚಿಲ್ಲ. ಹೈಸ್ಕೂಲು ದೂರವೆಂದು ಮಗಳನ್ನು ಬಿಡಿಸಲು ಬಸ್ಸಿನ ಚಾರ್ಜು ಈಗ ನೆಪವಾಗಬಾರದು.

ಈಗ ನಮ್ಮ ಸಂಘಗಳು ಏನು ಮಾಡಬಹುದು?

ಮೊದಲನೆಯದು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್.ಡಿ.ಎಂ.ಸಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧ ಪಾಲು ಹೆಂಗಸರು ಇರಬೇಕು. ಹೆಸರಿಗೆ ನಾವು ಸದಸ್ಯೆಯರು, ಸಭೆಗೆ ಹೋಗುವವನು ಗಂಡ ಎಂದಾಗಬಾರದು. ಸಂಘದಿಂದ ಇಬ್ಬರು ಮುಂದೆ ಬಂದು ಸಮಿತಿಗೆ ಸೇರಿರಿ. ಅಲ್ಲಿ ಮೂರು ಪ್ರಶ್ನೆ ಕೇಳಿರಿ. ಕ್ಷೇಮದ ಅವಧಿ ವಾರದ ಯಾವ ದಿನ ನಡೆಯುತ್ತದೆ? ತರಬೇತಿ ಪಡೆದ ಶಿಕ್ಷಕರು ಯಾರು? ಮಕ್ಕಳು ತಮ್ಮ ಕಷ್ಟವನ್ನು ಹೆಸರು ಹೇಳದೆ ಬರೆದು ಹಾಕಲು ಪೆಟ್ಟಿಗೆ ಇದೆಯೇ, ಅದನ್ನು ತೆರೆಯುವವರು ಯಾರು?

ಎರಡನೆಯದು, ವರ್ಷಕ್ಕೊಮ್ಮೆ ಪಂಚಾಯಿತಿಯಲ್ಲಿ ನಡೆಯಬೇಕಾದ ಮಕ್ಕಳ ಗ್ರಾಮ ಸಭೆ. ಅಲ್ಲಿ ಮಕ್ಕಳು ಶೌಚಾಲಯದ ಬಗ್ಗೆ, ಬಸ್ಸಿನ ಬಗ್ಗೆ ಕೇಳುತ್ತಾರೆ. ಊರಿನ ಸೆರೆ ಅಂಗಡಿಯ ಬಗ್ಗೆ, ಗೆಳತಿಯ ಮದುವೆ ನಿಲ್ಲಿಸುವ ಬಗ್ಗೆಯೂ ಕೇಳಲಿ. ಕೇಳಿದ ಮಗುವನ್ನು ಯಾರೂ ಗದರಿಸದಂತೆ ನೀವು ಅಲ್ಲಿ ಕೂತಿರಬೇಕು.

ಮೂರನೆಯದು, ನಂಬರುಗಳು ಮತ್ತು ಕಾಯ್ದೆ. ಮಕ್ಕಳಿಗೆ 1098, ಮಹಿಳೆಯರಿಗೆ 181, ತುರ್ತಿಗೆ 112. ಇವು ಶಾಲೆಯ ಗೋಡೆಯ ಮೇಲೆ ಗಾದೆಯಷ್ಟೇ ದೊಡ್ಡ ಅಕ್ಷರದಲ್ಲಿ ಇರಲಿ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ ಹೆಣ್ಣನ್ನು ಮನೆಯಿಂದ ಹೊರಗೆ ಹಾಕುವಂತಿಲ್ಲ. ದೂರು ಕೊಡಲು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಕಚೇರಿಗೆ ಹೋಗಬಹುದು. ಅವರೇ ಸಂರಕ್ಷಣಾಧಿಕಾರಿ. ಹಳೆಯ 498ಎ ಕಲಮಿನ ಬದಲು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಂಗಳು ಬಂದಿವೆ. ವರದಕ್ಷಿಣೆ ಸಾವಿಗೆ 80ನೆಯ ಕಲಂ ಇದೆ. ನಂಬರು ಬದಲಾಗಿದೆ, ಅಪರಾಧ ಬದಲಾಗಿಲ್ಲ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿರಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಅಲ್ಲಿ ಉಚಿತ ನೆರವು ಇದೆ.

ನಾಲ್ಕನೆಯದು ಎಲ್ಲಕ್ಕಿಂತ ಕಷ್ಟದ್ದು. ಅದು ನಮ್ಮ ಸಂಘದ ಸಾಲದ ಪುಸ್ತಕ. ಸಾಲದ ಉದ್ದೇಶ ಎಂಬ ಕಾಲಮ್ಮಿನಲ್ಲಿ ಎಮ್ಮೆ, ಹೊಲಿಗೆ ಮಷಿನ್ನು, ಕಿರಾಣಿ ಅಂಗಡಿ ಎಂದು ಬರೆಯುತ್ತೇವೆ. ಕೆಲವು ಸಾಲಿನಲ್ಲಿ 'ಮಗಳ ಮದುವೆ' ಎಂದಿರುತ್ತದೆ. ಆ ಮದುವೆಯ ಸಾಲದಲ್ಲಿ ವರದಕ್ಷಿಣೆ ಎಷ್ಟು ಎಂದು ನಾವು ಕೇಳುವುದಿಲ್ಲ. ವಾರವಾರ ಹತ್ತು, ಇಪ್ಪತ್ತು ರೂಪಾಯಿ ಕೂಡಿಸಿದ ಹೆಣ್ಣುಮಕ್ಕಳ ದುಡ್ಡು ಹೆಣ್ಣುಮಕ್ಕಳ ಕೊರಳಿಗೇ ಉರುಲಾಗಬೇಕೇ? 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ತೆಗೆದುಕೊಳ್ಳುವುದರ ಜೊತೆಗೆ ಕೊಡುವುದೂ ಅಪರಾಧ. ವರದಕ್ಷಿಣೆಗೆ ಸಾಲ ಇಲ್ಲ, ಮಗಳ ಓದಿಗೆ ಮೊದಲ ಸಾಲ ಎಂದು ಪ್ರತಿ ಸಂಘವೂ ಠರಾವು ಮಾಡಲಿ. ಠರಾವು ಪುಸ್ತಕದಲ್ಲಿ ಎಲ್ಲರೂ ಸಹಿ ಹಾಕಲಿ. ಇದು ಒಬ್ಬಳಿಂದ ಆಗುವ ಮಾತಲ್ಲ. ಒಬ್ಬಳು ಕೊಡೆನೆಂದರೆ ಅವಳ ಮಗಳಿಗೆ ಗಂಡು ಸಿಗುವುದಿಲ್ಲ ಎನ್ನುತ್ತಾರೆ. ಇಡೀ ಊರಿನ ಸಂಘಗಳು ಕೊಡೆವೆಂದರೆ ಗಂಡಿನವರೇ ದಾರಿಗೆ ಬರಬೇಕಾಗುತ್ತದೆ.

ಕೊನೆಗೆ ಗಂಡುಮಕ್ಕಳ ತಾಯಂದಿರಿಗೆ ಒಂದು ಮಾತು. ತಾಯಿಯೇ ಮೊದಲ ಗುರು ಎಂದು ಎಲ್ಲರೂ ನಮ್ಮ ತಲೆಯ ಮೇಲೆ ಹೊರೆ ಹೊರಿಸುತ್ತಾರೆ. ಮಗ ಕೆಟ್ಟರೆ ತಾಯಿಯದೇ ತಪ್ಪು ಎನ್ನುತ್ತಾರೆ. ಹೊಡೆಯುವ ತಂದೆಯೂ ಗುರುವೇ ಅಲ್ಲವೇ, ಅವನೇನು ಕಲಿಸುತ್ತಿದ್ದಾನೆ ಎಂದು ನಾವು ತಿರುಗಿ ಕೇಳಬೇಕು. ಆದರೂ ನಮ್ಮ ಕೈಯಲ್ಲಿ ಇರುವಷ್ಟನ್ನು ಬಿಡುವುದು ಬೇಡ. ಮಗ ಉಂಡ ತಟ್ಟೆ ಮಗನೇ ತೊಳೆಯಲಿ. ಅಳುವ ಹುಡುಗನಿಗೆ "ಹೆಣ್ಣಿನಂಗ ಅಳಬ್ಯಾಡ" ಎನ್ನಬೇಡಿರಿ. ಅತ್ತು ಹಗುರಾಗಲು ಗೊತ್ತಿಲ್ಲದವನು ಸಿಟ್ಟನ್ನು ಕೈಯಲ್ಲಿ ತೋರಿಸುತ್ತಾನೆ. ಮಗಳಿಗೆ ಹೇಳಿರಿ: "ತಾಳ್ಮೆ ಬೇಕವ್ವಾ, ಓದೂದಕ್ಕ, ದುಡಿಯೂದಕ್ಕ. ಹೊಡೆತಕ್ಕ ಬ್ಯಾಡ. ಈ ಮನಿ ಬಾಗಿಲಾ ನಿನಗ ಯಾವಾಗಲೂ ತೆರದಿರತೈತಿ."

ಈ ಒಂದು ಮಾತು ಎಷ್ಟೋ ಹೆಣ್ಣುಮಕ್ಕಳ ಜೀವ ಉಳಿಸುತ್ತದೆ. ತವರಿನ ಬಾಗಿಲು ಮುಚ್ಚಿದೆ ಎಂದು ತಿಳಿದವರೇ ಬಾವಿ ಹುಡುಕಿಕೊಂಡು ಹೋಗುತ್ತಾರೆ. ಅಂಥ ಸುದ್ದಿ ಕೇಳದ ಊರು ಈ ನಾಲ್ಕು ತಾಲ್ಲೂಕುಗಳಲ್ಲಿ ಎಷ್ಟಿವೆ?

ಮುಂದಿನ ವಾರ ನಿಮ್ಮ ಸಂಘದ ಸಭೆಯಲ್ಲಿ ಉಳಿತಾಯ, ಮರುಪಾವತಿ ಮುಗಿದ ಮೇಲೆ ಹತ್ತು ನಿಮಿಷ ಈ ವಿಷಯ ತೆಗೆಯಿರಿ. ನಾಲ್ವರು ಸೇರಿ ಶಾಲೆಗೆ ಹೋಗಿ ಹೆಡ್‌ಮಾಸ್ತರರನ್ನು ಕಾಣಿರಿ. ಜಗಳಕ್ಕೆಂದು ಹೋಗುವುದು ಬೇಡ, ನಮ್ಮ ಮಕ್ಕಳ ಪಾಠದಲ್ಲಿ ನಾವೂ ಪಾಲುದಾರರು ಎಂದು ಹೋಗೋಣ. ಆ ಗೋಡೆಯ ಗಾದೆಯನ್ನು ಅಳಿಸುವುದೂ ಬೇಡ. ಅದರ ಪಕ್ಕದಲ್ಲಿ ಇನ್ನೊಂದು ಸಾಲು ಬರೆಸೋಣ: ಹೊಡೆಯುವುದು ಅಪರಾಧ, ಹೇಳುವುದು ಹಕ್ಕು.